ಹುಡುಗನಿಗೂ ಸರಿ, ಹುಡುಗಿಗೂ ಸರಿ: ಭಾಷೆ ಬದಲಾದರೂ ನಿಲ್ಲುವ ಹೀಬ್ರೂ ಹೆಸರು ಯಾವುದು?

2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಇಸ್ರೇಲಿಗೆ ಮೊಟ್ಟಮೊದಲ ಚಿನ್ನದ ಪದಕ ಬಂತು. ಗೆದ್ದವರು ಗಾಲ್ ಫ್ರಿಡ್‌ಮನ್. ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಸಮುದ್ರದಲ್ಲಿ ಸಾಗುವ ವಿಂಡ್‌ಸರ್ಫಿಂಗ್ ಅವರ ಆಟ. ಅದೇ ವರ್ಷ ಮಿಸ್ ಇಸ್ರೇಲ್ ಆಗಿ ಆಯ್ಕೆಯಾದವರು ಗಾಲ್ ಗಡೋಟ್, ಇವತ್ತಿನ ಹಾಲಿವುಡ್ ನಟಿ. ಒಬ್ಬರು ಗಂಡು, ಒಬ್ಬರು ಹೆಣ್ಣು, ಹೆಸರು ಮಾತ್ರ ಒಂದೇ. ಹೀಬ್ರೂವಿನಲ್ಲಿ ಗಾಲ್ ಎಂದರೆ ಅಲೆ. ಇಸ್ರೇಲಿನಲ್ಲಿ ಇದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಆದರೆ ಅದೇ ಹೆಸರು ಇಂಗ್ಲಿಷಿಗೆ ಬಂದರೆ ಕಥೆ ಬೇರೆ. ಅಲ್ಲಿನ ಆಡುಮಾತಿನಲ್ಲಿ 'ಗ್ಯಾಲ್' ಎಂದರೆ ಹುಡುಗಿ. ಎರಡೂ ಕಡೆ ಸಲ್ಲುತ್ತಿದ್ದ ಹೆಸರು ಗಡಿ ದಾಟಿದ ಕೂಡಲೇ ಒಂದೇ ಕಡೆಗೆ ವಾಲಿತು.

ಮಗುವಿಗೆ ಹೀಬ್ರೂ ಹೆಸರು ಬೇಕು ಅನ್ನುವವರ ಕಾರಣಗಳು ಬೇರೆ ಬೇರೆ. ಗಂಡ ಕನ್ನಡಿಗ, ಹೆಂಡತಿ ಇಸ್ರೇಲಿನವಳು, ಇಬ್ಬರೂ ಇರುವುದು ಜರ್ಮನಿಯಲ್ಲಿ ಎಂದುಕೊಳ್ಳಿ. ಆ ಮಗುವನ್ನು ಕರೆಯುವವರು ಮೂರು ನಾಲ್ಕು ಭಾಷೆಯವರು. ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಹೀಬ್ರೂ ಮೂಲದ ಹೆಸರು ತಲೆಮಾರುಗಳಿಂದ ಇದ್ದೇ ಇವೆ. ಇನ್ನು ಕೆಲವರಿಗೆ ಗಿಡ್ಡ ಹೆಸರು, ಹಗುರಾದ ಸದ್ದು, ಹುಡುಗ ಹುಡುಗಿ ಅನ್ನೋ ಭೇದ ಇಲ್ಲದಿರುವುದು ಇಷ್ಟ. ಯಾರೇ ಆಗಲಿ, ಹುಡುಕಲು ಹೊರಟರೆ ಕಣ್ಣಿಗೆ ಬೀಳುವುದು ಪಟ್ಟಿಗಳು: ಹೆಸರು, ಪಕ್ಕದಲ್ಲಿ ಅರ್ಥ, 'ಎರಡೂ ಲಿಂಗಕ್ಕೆ' ಎಂಬ ಷರಾ. ಆ ಷರಾವನ್ನು ಸುಮ್ನೆ ನಂಬುವ ಹಾಗಿಲ್ಲ. ಹೆಸರು ಗಂಡೋ ಹೆಣ್ಣೋ ಎಂದು ತೀರ್ಮಾನಿಸುವುದು ಅದನ್ನು ಕರೆಯುವವರ ಭಾಷೆ. ಭಾಷೆ ಬದಲಾದರೆ ತೀರ್ಮಾನವೂ ಬದಲಾಗುತ್ತದೆ. ಇನ್ನು ಅರ್ಥ? ಅದು ಅಪ್ಪ ಅಮ್ಮನ ಬಾಯಲ್ಲಿ ಉಳಿಯುತ್ತದೆ ಅಷ್ಟೆ. ಬೇರೆ ಊರಿಗೆ ಹೋಗಿ ತಲುಪುವುದು ಸದ್ದು ಮಾತ್ರ.

ಇಷ್ಟಕ್ಕೂ ಹೀಬ್ರೂ ಲಿಂಗದ ವಿಷಯದಲ್ಲಿ ಬಲು ಕಟ್ಟುನಿಟ್ಟಿನ ಭಾಷೆ. ಎದುರಿಗೆ ಇರುವವರನ್ನು 'ನೀನು' ಎನ್ನಲಿಕ್ಕೂ ಎರಡು ಪದ ಬೇಕು: ಹುಡುಗನಾದರೆ 'ಅತಾ', ಹುಡುಗಿಯಾದರೆ 'ಅತ್'. ನಮಗೆ ಕಲ್ಲು, ಮರ ಎಲ್ಲ ನಪುಂಸಕಲಿಂಗ. ಅವರಿಗೆ ಕಲ್ಲು ಸ್ತ್ರೀಲಿಂಗ, ಮರ ಪುಲ್ಲಿಂಗ. ತಾಲ್ ಎಂಬ ಹೆಸರಿನ ಹುಡುಗ ಹೋದರೆ 'ತಾಲ್ ಹಲಖ್', ಹುಡುಗಿ ಹೋದರೆ 'ತಾಲ್ ಹಲ್ಖಾ'. ಹೆಸರು ಮುಚ್ಚಿಟ್ಟದ್ದನ್ನು ಮರುಗಳಿಗೆಯಲ್ಲೇ ಕ್ರಿಯಾಪದ ಬಿಚ್ಚಿಡುತ್ತದೆ. ಅಲ್ಲಿ ಎರಡೂ ಕಡೆ ಸಲ್ಲುವ ಹೆಸರುಗಳು ಧೈರ್ಯವಾಗಿ ಓಡಾಡುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಎಣಿಕೆ. ಹೆಸರಿನಿಂದ ಲಿಂಗ ತಿಳಿಯದಿದ್ದರೂ ಯಾರಿಗೂ ಗೊಂದಲವಾಗುವುದಿಲ್ಲ. ವಾಕ್ಯವೇ ಹೇಳಿಬಿಡುತ್ತದಲ್ಲ.

ಹಳೆಯ ಕಾಲದಲ್ಲೂ ಇಂಥ ಹೆಸರು ಇರಲಿಲ್ಲ ಎಂದಲ್ಲ. ಬೈಬಲ್ಲಿನ ಆದಿಕಾಂಡದಲ್ಲಿ ಗೋಮೆರ್ ಎಂಬುವನು ಯೆಫೆತನ ಮಗ. ಪ್ರವಾದಿ ಹೋಶೇಯನ ಹೆಂಡತಿಯ ಹೆಸರೂ ಗೋಮೆರ್. ಅತಲ್ಯ ಎಂಬ ರಾಣಿ ಇದ್ದಾಳೆ, ವಂಶಾವಳಿಯಲ್ಲಿ ಅದೇ ಹೆಸರಿನ ಗಂಡಸೂ ಇದ್ದಾನೆ. ಯೋನಾ ಎಂದರೆ ಪಾರಿವಾಳ, ವ್ಯಾಕರಣದಲ್ಲಿ ಸ್ತ್ರೀಲಿಂಗ. ಮೀನಿನ ಹೊಟ್ಟೆ ಸೇರಿದ ಪ್ರವಾದಿಯ ಹೆಸರು ಅದೇ. ಇವತ್ತಿಗೂ ಗಂಡಸರಿಗೂ ಹೆಂಗಸರಿಗೂ ಇಡುತ್ತಾರೆ. ಸಿಮ್ಖಾ, ಅಂದರೆ ಸಂತೋಷ, ಇನ್ನೂ ಸ್ವಾರಸ್ಯದ ಹೆಸರು. ಪೂರ್ವ ಯುರೋಪಿನ ಯಹೂದಿ ಮನೆಗಳಲ್ಲಿ ಅದು ಗಂಡಸಿನ ಹೆಸರು. ಸ್ಪೇನ್, ಮೊರಾಕೊ ಕಡೆಯ ಯಹೂದಿ ಮನೆಗಳಲ್ಲಿ ಹೆಂಗಸಿನದು. ಧರ್ಮ ಒಂದೇ, ಪದ ಒಂದೇ. ಆದರೂ ತೀರ್ಮಾನ ಎರಡು!

ಆದರೆ ಇವತ್ತಿನ ಹೆಚ್ಚಿನ ಹೆಸರುಗಳು ಹೊಸವು. ಹೀಬ್ರೂ ನೂರಾರು ವರ್ಷ ಪ್ರಾರ್ಥನೆಯ, ಓದುಬರಹದ ಭಾಷೆಯಾಗಿ ಉಳಿದಿತ್ತು, ಮನೆಮಾತಾಗಿರಲಿಲ್ಲ. 1881ರಲ್ಲಿ ಜೆರುಸಲೇಮಿಗೆ ಬಂದು ನೆಲೆಸಿದ ಎಲಿಯೇಜರ್ ಬೆನ್ ಯೆಹೂದಾ ತಮ್ಮ ಮಗನನ್ನು ಹೀಬ್ರೂ ಒಂದನ್ನೇ ಕೇಳಿಸಿ ಬೆಳೆಸಿದರು. ಆಮೇಲೆ ಬಂದು ನೆಲೆಸಿದವರು ತಮ್ಮ ಹಳೆಯ ಹೆಸರುಗಳನ್ನೂ ಬದಲಾಯಿಸಿಕೊಂಡರು. ಡೇವಿಡ್ ಗ್ರುಯೆನ್ ಎಂಬುವರು ದಾವೀದ್ ಬೆನ್ ಗುರಿಯೋನ್ ಆದರು, ದೇಶದ ಮೊದಲ ಪ್ರಧಾನಿಯಾದರು. ಮಕ್ಕಳಿಗೆ ಹೆಸರು ಹುಡುಕುವಾಗ ಹೊಸ ತಲೆಮಾರು ಧರ್ಮಗ್ರಂಥದ ಹೆಸರುಗಳ ಆಚೆ ನೋಡಿತು. ಕಣ್ಣೆದುರಿನ ನೆಲ, ನೀರು, ಗಿಡ, ಬೆಳಕು ಹೆಸರಾದವು. ತಾಲ್ ಎಂದರೆ ಇಬ್ಬನಿ. ಓರ್ ಎಂದರೆ ಬೆಳಕು. ರೋತೆಮ್ ಮರಳುಗಾಡಿನ ಒಂದು ಪೊದೆ. ಶಾಕೆದ್ ಬಾದಾಮಿ. ಓಮೆರ್ ಪೈರಿನ ಕಟ್ಟು. ಇನ್ಬಾರ್ ಅಂಬರ್, ಅಂದರೆ ಕಲ್ಲಿನಂತೆ ಗಟ್ಟಿಯಾದ ಹಳದಿ ಮರದಂಟು. ಸ್ತಾವ್ ಶರತ್ಕಾಲ. ಇಬ್ಬನಿಗೆ ಗಂಡು ಹೆಣ್ಣು ಎಲ್ಲಿಯದು? ಹಿಂದೆ ಆ ಹೆಸರಿನ ರಾಜನಿರಲಿಲ್ಲ, ರಾಣಿಯಿರಲಿಲ್ಲ, ಹಾಗಾಗಿ ಯಾರಿಗೆ ಬೇಕಾದರೂ ಇಡಬಹುದಾಯಿತು.

ಇಡಬಹುದು ನಿಜ, ಆದರೆ ತಕ್ಕಡಿ ಸಮ ಇರುವುದಿಲ್ಲ. ನೋಅಮ್ (ಹಿತ, ಸೊಗಸು) ಜಾಸ್ತಿ ಹುಡುಗರಿಗೆ. ಅದಿ (ಆಭರಣ) ಜಾಸ್ತಿ ಹುಡುಗಿಯರಿಗೆ. ತಾಲ್, ಯುವಾಲ್, ಶಖರ್ ಎರಡೂ ಕಡೆ ಧಾರಾಳವಾಗಿ ಸಿಗುತ್ತವೆ. ಶಖರ್ ಎಂದರೆ ಬೆಳಗಿನ ಜಾವ. ಟೆನಿಸ್‌ನಲ್ಲಿ ವಿಶ್ವದ 11ನೇ ಸ್ಥಾನದವರೆಗೆ ಏರಿದ ಶಖರ್ ಪೆಯೆರ್ ಮಹಿಳೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ವಿಂಡ್‌ಸರ್ಫಿಂಗ್ ಕಂಚು ಗೆದ್ದ ಶಖರ್ ತ್ಸುಬೇರಿ ಗಂಡಸು. ಇನ್ನೊಂದು ಮಾತು ಗಮನಿಸಿ. ಸಾಮಾನ್ಯವಾಗಿ ಗಂಡಿನ ಹೆಸರು ಹೆಣ್ಣಿಗೆ ಹೋಗುತ್ತದೆ, ಹೆಣ್ಣಿನ ಹೆಸರು ಗಂಡಿಗೆ ಬರುವುದು ಅಪರೂಪ. ಹುಡುಗಿಯರಲ್ಲಿ ಒಂದು ಹೆಸರು ಬಳಕೆಗೆ ಬಂತೆಂದರೆ ಹುಡುಗನಿಗೆ ಇಡಲು ಅಪ್ಪ ಅಮ್ಮ ಹಿಂಜರಿಯುತ್ತಾರೆ. ಇಂಗ್ಲಿಷಿನಲ್ಲಿ ಆ್ಯಶ್ಲಿ, ಲೆಸ್ಲಿ ಎಂಬ ಹೆಸರುಗಳಿಗೆ ಆದದ್ದು ಇದೇ. ಹಾಗಾಗಿ ಹುಟ್ಟಿದಾಗ ಎರಡೂ ಕಡೆ ಇದ್ದ ಹೆಸರು ಮಗು ಕಾಲೇಜಿಗೆ ಹೋಗುವ ಹೊತ್ತಿಗೆ ಒಂದೇ ಕಡೆಯದಾಗಿರಬಹುದು. ಇದನ್ನು ತಡೆಯಲು ಯಾರಿಂದಲೂ ಆಗದು. ಆದರೆ ಈಗ ಯಾವ ಕಡೆ ವಾಲುತ್ತಿದೆ ಎಂದು ನೋಡಿಕೊಳ್ಳಬಹುದು. ಇಸ್ರೇಲಿನ ಕೇಂದ್ರ ಅಂಕಿಅಂಶ ಇಲಾಖೆ ಪ್ರತಿ ವರ್ಷ ಹೆಸರುಗಳ ಲೆಕ್ಕ ಕೊಡುತ್ತದೆ. ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಇಲಾಖೆಯ ಹೆಸರಿನ ಲೆಕ್ಕ 1880ರಿಂದ ಈಚಿನದು, ಹುಡುಗ ಹುಡುಗಿ ಬೇರೆ ಬೇರೆಯಾಗಿ ಸಿಗುತ್ತದೆ. ಅರ್ಥ ಹುಡುಕುವ ಮೊದಲು ಈ ಎರಡನ್ನೂ ನೋಡಿ ಎನ್ನುವುದು ನನ್ನ ಸಲಹೆ.

ಕಿರಣ್ ಎಂಬ ಹೆಣ್ಣುಮಗು ಮತ್ತು ಜರ್ಮನಿಯ ಕೋರ್ಟು

ಕೆಲವು ದೇಶಗಳಲ್ಲಿ ಹೆಸರು ಇಡುವುದು ಅಪ್ಪ ಅಮ್ಮನ ಇಷ್ಟಕ್ಕೆ ಮಾತ್ರ ಬಿಟ್ಟ ವಿಷಯವಲ್ಲ. ಜರ್ಮನಿಯಲ್ಲಿ ಬಹಳ ಕಾಲ ಹೆಸರು ಕೇಳಿದರೆ ಗಂಡೋ ಹೆಣ್ಣೋ ತಿಳಿಯಬೇಕು ಎಂಬ ಪದ್ಧತಿ ಇತ್ತು. ತಿಳಿಯದಿದ್ದರೆ ಲಿಂಗ ಸ್ಪಷ್ಟವಾಗಿ ಹೇಳುವ ಎರಡನೇ ಹೆಸರು ಸೇರಿಸಿ ಎನ್ನುತ್ತಿದ್ದರು. ಈ ಪದ್ಧತಿ ಕೋರ್ಟಿನ ಕಟ್ಟೆ ಹತ್ತಿದ್ದು ನಮಗೆ ಚೆನ್ನಾಗಿ ಗೊತ್ತಿರುವ ಒಂದು ಹೆಸರಿನಿಂದ: ಕಿರಣ್. ಒಬ್ಬ ಹೆಣ್ಣುಮಗಳಿಗೆ ಆ ಭಾರತೀಯ ಹೆಸರು ಇಡಲು ಅಪ್ಪ ಅಮ್ಮ ಹೊರಟರು. ನೋಂದಣಿ ಕಚೇರಿ ಒಪ್ಪಲಿಲ್ಲ. ವಿಷಯ ದೇಶದ ಅತ್ಯುನ್ನತ ಸಂವಿಧಾನ ನ್ಯಾಯಾಲಯದವರೆಗೆ ಹೋಯಿತು. 2008ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಹೆಸರು ಲಿಂಗವನ್ನು ಹೇಳಲೇಬೇಕು ಎಂಬ ನಿಯಮ ಕಾನೂನಿನಲ್ಲಿ ಇಲ್ಲ, ಹೆಸರಿನಿಂದ ಮಗುವಿಗೆ ಕೇಡಾಗದಿದ್ದರೆ ಸಾಕು ಎಂಬುದು ಅದರ ಸಾರ. ಹುಡುಗಿ ಕಿರಣ್ ಆಗಿಯೇ ಉಳಿದಳು. ಜರ್ಮನಿಯಲ್ಲಿ ತಾಲ್, ನೋಅಮ್, ಯುವಾಲ್ ಎಂದು ಮಗುವಿಗೆ ಹೆಸರಿಡುವ ದಾರಿಯನ್ನು ನಮ್ಮ ಕಿರಣ ಸಲೀಸು ಮಾಡಿಕೊಟ್ಟಿತು ಎಂಬುದು ನನಗೆ ನಿಜಕ್ಕೂ ಸಂತೋಷದ ಸಂಗತಿ. ಐಸ್‌ಲ್ಯಾಂಡ್‌ನಲ್ಲಿ ಹುಡುಗರ ಹೆಸರು, ಹುಡುಗಿಯರ ಹೆಸರು ಎಂಬ ಕಾನೂನಿನ ಕಟ್ಟು ಸಡಿಲವಾದದ್ದು 2019ರಲ್ಲಿ.

ಯಹೂದಿ ಮನೆಗಳಲ್ಲೂ ಒಂದು ಕಡೆ ಲಿಂಗ ಹೇಳಲೇಬೇಕಾಗುತ್ತದೆ. ಗಂಡು ಮಗುವಿಗೆ ಎಂಟನೇ ದಿನ ಸುನ್ನತಿಯ ಹೊತ್ತಿನಲ್ಲಿ ಹೆಸರಿಡುವುದು ಸಂಪ್ರದಾಯ. ಹೆಣ್ಣು ಮಗುವಿನ ಹೆಸರನ್ನು ಸಾಮಾನ್ಯವಾಗಿ ಸಿನಗಾಗ್ ಎಂಬ ಪ್ರಾರ್ಥನಾ ಮಂದಿರದಲ್ಲಿ ತಮ್ಮ ಧರ್ಮಗ್ರಂಥ ತೋರಾ ಓದುವಾಗ ಸಾರುತ್ತಾರೆ. ಮುಂದೆ ತೋರಾ ಓದಲು ಕರೆಯುವಾಗ ಹೆಸರಿನ ಜೊತೆ 'ಬೆನ್' (ಮಗ) ಅಥವಾ 'ಬತ್' (ಮಗಳು) ಸೇರಿಸಿ, ಆಮೇಲೆ ಅಪ್ಪನ ಹೆಸರು, ಕೆಲವು ಕಡೆ ಅಪ್ಪ ಅಮ್ಮ ಇಬ್ಬರ ಹೆಸರೂ ಹೇಳುತ್ತಾರೆ. ಒಂದು ಪಂಗಡದಲ್ಲಿ ತೀರಿಹೋದ ಹಿರಿಯರ ಹೆಸರಿಡುವುದು ರೂಢಿ, ಇನ್ನೊಂದರಲ್ಲಿ ಬದುಕಿರುವ ಅಜ್ಜ ಅಜ್ಜಿಯ ಹೆಸರು. ಹೆಂಡತಿಯ ಕಡೆಯವರು ಯಹೂದಿಗಳಾದರೆ ಇದನ್ನು ಮೊದಲೇ ಕೇಳಿಕೊಳ್ಳಿ. ಬದುಕಿರುವ ಅಜ್ಜನ ಹೆಸರನ್ನು ಇಡುವುದು ಒಬ್ಬರಿಗೆ ಗೌರವ, ಇನ್ನೊಬ್ಬರಿಗೆ ಅಪಶಕುನ.

ಬಾಯಿಗೆ ಬರಬೇಕಲ್ಲ

ಹೀಬ್ರೂ ಹೆಸರುಗಳಲ್ಲಿ ಹೊರಗಿನವರಿಗೆ ತೊಡಕಾಗುವ ಸದ್ದು ಮುಖ್ಯವಾಗಿ ಎರಡು. ಒಂದು, ಗಂಟಲಿನಿಂದ ಬರುವ ಖ್, ಉರ್ದುವಿನ 'ಖಬರ್' ಪದದ ಮೊದಲ ಸದ್ದು. ಶಖರ್, ಖೆನ್, ಸಿಮ್ಖಾ ಎಲ್ಲದರಲ್ಲೂ ಅದಿದೆ. ಇಂಗ್ಲಿಷಿನವರ ಬಾಯಲ್ಲಿ ಅದು ಹ ಆಗುತ್ತದೆ, ಇಲ್ಲವೇ ಕ ಆಗುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಕೆಲವರು ಚರ್ಚ್ ಪದದ ಮೊದಲೆರಡು ಅಕ್ಷರ ಹಾಕುತ್ತಾರೆ. ಆಗ ಶಖರ್ 'ಶಚರ್' ಆಗುತ್ತಾನೆ, ಖೆನ್ 'ಚೆನ್' ಆಗಿ ಚೀನಾದವಳಾಗುತ್ತಾಳೆ. ಇನ್ನೊಂದು ಸದ್ದು ತ್ಸ್, ನಿತ್ಸಾನ್ (ಮೊಗ್ಗು) ಹೆಸರಿನಲ್ಲಿರುವುದು. ಕನ್ನಡಿಗರಿಗೆ 'ಉತ್ಸವ' ಇರುವುದರಿಂದ ಇದು ಕಷ್ಟವಲ್ಲ. ಇಂಗ್ಲಿಷಿನವರಿಗೆ ಪದದ ಮೊದಲಲ್ಲಿ ಬಂದರೆ ಕಷ್ಟ.

ಹ ಸದ್ದಿನದು ಬೇರೆ ಕಥೆ. ಫ್ರೆಂಚರು ಅದನ್ನು ಉಚ್ಚರಿಸುವುದೇ ಇಲ್ಲ. ಹದಾರ್ (ವೈಭವ) ಎಂಬ ಚಂದದ ಹೆಸರು ಪ್ಯಾರಿಸ್ಸಿನಲ್ಲಿ ಅದಾರ್ ಆಗುತ್ತದೆ. ಅದಾರ್ ಎಂದರೆ ಹೀಬ್ರೂ ಪಂಚಾಂಗದ ಒಂದು ತಿಂಗಳು. ಅರಬ್ಬಿಯಲ್ಲಿ ಪ ಇಲ್ಲ, ಹೀಬ್ರೂವಿನ ವ ಕೂಡ ಇಲ್ಲ. ಸ್ಪೇನಿನವರಿಗೆ ವ ಮತ್ತು ಬ ಒಂದೇ, ಹಾಗಾಗಿ ಯುವಾಲ್ ಅಲ್ಲಿ ಯುಬಾಲ್.

ಕನ್ನಡಕ್ಕೆ ಬಂದಾಗ ತೊಡಕು ಬೇರೆ ಥರ. ನಮಗೆ ಎರಡು ಸ್ವರ ಎದುರುಬದುರು ನಿಂತರೆ ಸಹಿಸುವುದಿಲ್ಲ. ಶಾಲೆಯಲ್ಲಿ ಆಗಮ ಸಂಧಿ ಓದಿದ್ದೇವೆ ಅಲ್ವಾ: ಮನೆ ಜೊತೆ ಅನ್ನು ಸೇರಿ ಮನೆಯನ್ನು, ಗುರು ಜೊತೆ ಅನ್ನು ಸೇರಿ ಗುರುವನ್ನು. ಹೆಸರಿನ ವಿಷಯದಲ್ಲೂ ನಾಲಿಗೆ ಅದೇ ಕೆಲಸ ಮಾಡುತ್ತದೆ. ನೋಅಮ್ ಎಂದು ಬರೆದುಕೊಟ್ಟರೂ ಮನೆಯವರು ಅನ್ನುವುದು ನೋವಮ್. ಇಸ್ರೇಲಿನ ಹುಡುಗಿಯರ ಅಚ್ಚುಮೆಚ್ಚಿನ ಹೆಸರು ನೋಆ ನಮ್ಮಲ್ಲಿ ನೋವಾ ಆಗುತ್ತದೆ. ಮಗುವಿಗೆ ನೋವು ಎಂದು ಯಾಕೆ ಹೆಸರಿಟ್ಟಿರಿ ಎಂದು ಅಜ್ಜಿ ಕೇಳದೆ ಬಿಡುವುದಿಲ್ಲ. ಮಾಅಯಾನ್ (ಚಿಲುಮೆ) ಇನ್ನೂ ಕಷ್ಟ. ಅದೇ ಲಿಓರ್ (ನನಗೆ ಬೆಳಕು) ತಾನಾಗಿ ಲಿಯೋರ್ ಆಗುತ್ತದೆ, ಅದರಿಂದ ಏನೂ ಕೆಡುವುದಿಲ್ಲ. ಮೂಲದಲ್ಲೂ ಹೆಚ್ಚುಕಡಿಮೆ ಹಾಗೇ ಕೇಳುತ್ತದೆ.

ಬರವಣಿಗೆಯ ಒಂದು ಗುಣವನ್ನೂ ಇಲ್ಲಿ ಹೇಳಬೇಕು. ಹೀಬ್ರೂವನ್ನು ದಿನಬಳಕೆಯಲ್ಲಿ ಸ್ವರ ಚಿಹ್ನೆಗಳಿಲ್ಲದೆ ಬರೆಯುತ್ತಾರೆ. ಊರಿ, ಓರಿ ಎರಡಕ್ಕೂ ಅದೇ ನಾಲ್ಕು ಅಕ್ಷರ: ಅಲೆಫ್, ವಾವ್, ರೇಶ್, ಯೋದ್. ಎರಡಕ್ಕೂ ಅರ್ಥ ನನ್ನ ಬೆಳಕು. ಯಾವುದನ್ನು ಓದಬೇಕು ಎಂದು ಗೊತ್ತಾಗುವುದು ಮಗುವನ್ನು ಬಲ್ಲವರಿಗೆ ಮಾತ್ರ. ಕನ್ನಡದಲ್ಲಿ ಆ ಅನುಮಾನಕ್ಕೆ ಜಾಗವೇ ಇಲ್ಲ. ಎ ಏ, ಒ ಓ ಎಲ್ಲ ಬೇರೆ ಬೇರೆ. ನಮ್ಮ ಲಿಪಿಯಲ್ಲಿ ಬರೆಯುವಾಗ ಇದು ದೊಡ್ಡ ಅನುಕೂಲ. ಆದರೆ ತಲ್ಲೋ ತಾಲ್ಲೋ, ತಾಲ್ಲೋ ಟಾಲ್ಲೋ ಎಂದು ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು. ಹೀಬ್ರೂವಿನ ತ ನಮ್ಮ ತಕಾರಕ್ಕೆ ಹತ್ತಿರ. ಇಂಗ್ಲಿಷ್ ಸ್ಪೆಲಿಂಗ್ ನೋಡಿ ಟ ಮಾಡಬೇಡಿ.

ಬೇರೆ ಕಿವಿಗೆ ಬೇರೆ ಅರ್ಥ

ತಾಲ್ ಹೀಬ್ರೂವಿನಲ್ಲಿ ಇಬ್ಬನಿ, ಜರ್ಮನ್ನಿನಲ್ಲಿ ಕಣಿವೆ, ನಮಗೆ ತಾಳ. ಮೂರೂ ಹಿತವಾದ ಅರ್ಥ. ಪಾಜ್ ಹೀಬ್ರೂವಿನಲ್ಲಿ ಅಪರಂಜಿ, ಸ್ಪ್ಯಾನಿಷ್‌ನಲ್ಲಿ ಶಾಂತಿ, ಆದರೆ ಅಲ್ಲಿ ಅದು ಹೆಂಗಸರ ಹೆಸರು. ಓರ್ ಫ್ರೆಂಚ್‌ನಲ್ಲಿ ಚಿನ್ನ. ಇಂಗ್ಲಿಷಿನಲ್ಲಿ ಮಾತ್ರ 'ಅಥವಾ' ಎನ್ನುವ ಪದ. ಶಾಲೆಯ ಹಾಜರಿಪುಸ್ತಕದಲ್ಲಿ ಆ ಹೆಸರನ್ನು ಓದುವ ಟೀಚರು ಪ್ರತಿ ವರ್ಷ ಒಮ್ಮೆ ತಡವರಿಸುತ್ತಾರೆ. ಶಾಯ್ (ಉಡುಗೊರೆ) ಇಂಗ್ಲಿಷಿನವರಿಗೆ ನಾಚಿಕೆ ಸ್ವಭಾವ. ಗಿಲಿ (ನನ್ನ ಆನಂದ) ನಮ್ಮ ಕಿವಿಗೆ ಗಿಳಿ, ಎಷ್ಟು ಮುದ್ದಾಗಿದೆ. ಸ್ಪೇನಿನಲ್ಲಿ ಅದೇ ಸ್ಪೆಲಿಂಗಿನ ಪದಕ್ಕೆ ಪೆದ್ದ ಎಂದರ್ಥ. ಅರಿಯೇಲ್ ಇಸ್ರೇಲಿನಲ್ಲಿ ಹೆಚ್ಚಾಗಿ ಹುಡುಗರ ಹೆಸರು. 1989ರ ಅಮೆರಿಕನ್ ಕಾರ್ಟೂನ್ ಚಿತ್ರವೊಂದರ ಮತ್ಸ್ಯಕನ್ಯೆಯಿಂದಾಗಿ ಇಂಗ್ಲಿಷಿನಲ್ಲಿ ಹುಡುಗಿಯ ಹೆಸರು. ನಮಗಂತೂ ಏರಿಯಲ್ ಎಂದರೆ ಬಟ್ಟೆ ಒಗೆಯುವ ಪುಡಿ.

ಕನ್ನಡದ ಕಿವಿಗೆ ಕೇಳುವುದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ. ನೀರ್ ಎಂದರೆ ಅವರಿಗೆ ಉತ್ತ ಹೊಲ, ನಮಗೆ ನೀರು. ಜೀವ್ ಎಂದರೆ ಅವರಿಗೆ ಕಾಂತಿ, ನಮಗೆ ಜೀವ. ಮೂಲ ಸದ್ದು ಜಿರಾಕ್ಸ್ ಪದದ ಜ಼ ಇದ್ದ ಹಾಗೆ, ಆದರೆ ಕನ್ನಡದಲ್ಲಿ ಜ ಆಗಿ ಇನ್ನೂ ಚೆನ್ನಾಗಿಯೇ ಕೇಳುತ್ತದೆ. ನೆತಾ ಎಂದರೆ ಸಸಿ. ನಮ್ಮ 'ನೆಟ್ಟ' ಪಕ್ಕದಲ್ಲೇ ನಿಲ್ಲುವ ಸದ್ದು, ಆದರೆ ಹಿಂದಿಯವರಿಗೆ ರಾಜಕಾರಣಿ. ಶಖರ್ ಹ ಆಗಿ ಶಹರ್ ಆದರೆ ಹುಬ್ಬಳ್ಳಿ ಧಾರವಾಡದವರಿಗೆ ನೆನಪಾಗುವುದು ಶಹರ ಪೊಲೀಸ್ ಠಾಣೆ. ಆದರೆ ಅರಬ್ಬಿಯ ಸಹರ್ ಅದರ ಒಡಹುಟ್ಟಿದ ಪದ, ರಂಜಾನ್ ತಿಂಗಳ ಸಹರಿ ಊಟದಲ್ಲಿ ಇರುವುದು ಅದೇ ಬೆಳಗಿನ ಜಾವ. ಸಿವಾನ್ ಹೀಬ್ರೂ ಪಂಚಾಂಗದಲ್ಲಿ ಮೇ ಜೂನ್ ಹೊತ್ತಿಗೆ ಬರುವ ತಿಂಗಳು, ಹುಡುಗ ಹುಡುಗಿ ಇಬ್ಬರಿಗೂ ಇಡುತ್ತಾರೆ. ಬೆಂಗಳೂರಿನವರಿಗೆ ಅದು ಚಂದ್ರಯಾನ-2ರ ಕಾಲದ ಇಸ್ರೋ ಅಧ್ಯಕ್ಷ ಕೆ. ಸಿವನ್. ಅಂದರೆ ಶಿವ, ಅಂದರೆ ಗಂಡು.

ಬಿಡಲೇಬೇಕಾದವೂ ಇವೆ. ಯಾಮ್ ಎಂದರೆ ಸಮುದ್ರ, ನಮಗೆ ಯಮ. ಖೆನ್ ಎಂದರೆ ಲಾವಣ್ಯ. ಹ ಆಗಿ ಹೆನ್ ಆದರೆ ಇಂಗ್ಲಿಷಿನಲ್ಲಿ ಕೋಳಿ, ಕನ್ನಡದಲ್ಲಿ ಹೇನು. ಯೋನಾ ಒಳ್ಳೆಯ ಹೆಸರೇ. ಆದರೆ ಇಸ್ರೇಲಿನಲ್ಲಿ ಯೋನಾ, ಯೋನಾತಾನ್ ಎಂಬುವರನ್ನು ಮುದ್ದಿನಿಂದ ಕರೆಯುವುದು ಯೋನಿ ಎಂದು. ನಮ್ಮ ಕಡೆಯ ಶಾಲೆಯಲ್ಲಿ ಆ ಮಗುವಿನ ಗತಿ ಏನು? ಹೆಸರಿನ ಜೊತೆ ಅದರ ಮೊಟಕು ರೂಪವನ್ನೂ ಪರೀಕ್ಷಿಸಬೇಕು ಎನ್ನುವುದು ಇದಕ್ಕೇ. ಊರಿ ಸ್ವಲ್ಪ ಗಿಡ್ಡವಾದರೆ ಉರಿ. ಓರಿ ಎಂದರೆ ಹಳೇ ಮೈಸೂರು ಕಡೆಯ ಹಳ್ಳಿಗಳಲ್ಲಿ, ಹಕಾರ ಬಿಟ್ಟು ಮಾತಾಡುವವರ ಬಾಯಲ್ಲಿ, ಹೋರಿ.

ಅಮಿತ್ ಹೆಸರನ್ನು ಬೇರೆಯಾಗಿಯೇ ನೋಡಬೇಕು. ಇಸ್ರೇಲ್ ಮತ್ತು ಭಾರತ ಎರಡಕ್ಕೂ ಸಲ್ಲುವ ಹೆಸರು ಎಂದು ಮೊದಲು ನೆನಪಾಗುವುದು ಇದೇ. ಹೀಬ್ರೂವಿನಲ್ಲಿ ಜೊತೆಗಾರ, ಗೆಳೆಯ. ಸಂಸ್ಕೃತದಲ್ಲಿ ಅಳತೆ ಮೀರಿದ್ದು. ಒಂದಕ್ಕೊಂದು ಸಂಬಂಧವಿಲ್ಲ, ಎರಡೂ ಒಳ್ಳೆಯ ಅರ್ಥ. ಸದ್ದಂತೂ ಹೆಚ್ಚುಕಡಿಮೆ ಒಂದೇ, ಅವರು ಕೊನೆಯ 'ಮಿತ್' ಮೇಲೆ ಒತ್ತು ಹಾಕುತ್ತಾರೆ ಅಷ್ಟೆ. ಆದರೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 68 ಕೆ.ಜಿ. ಕುಸ್ತಿಯಲ್ಲಿ ಚಿನ್ನ ಗೆದ್ದ ಅಮಿತ್ ಎಲೋರ್ ಅಮೆರಿಕದ ಹುಡುಗಿ, ಇಸ್ರೇಲಿನಿಂದ ಹೋದ ಅಪ್ಪ ಅಮ್ಮನ ಮಗಳು. ಆ ಹೆಸರು ಓದಿದ ನಮ್ಮವರು ಎಷ್ಟು ಮಂದಿ ಗಂಡಸು ಎಂದುಕೊಂಡಿರಬಹುದು! ಭಾರತದಲ್ಲಿ ಅಮಿತ್ ಗಂಡಸು, ಅಮಿತಾ ಹೆಂಗಸು, ಅದರಲ್ಲಿ ಎರಡು ಮಾತಿಲ್ಲ. ಅಂದರೆ ಈ ಹೆಸರು ಭಾಷೆಯನ್ನು ಸೊಗಸಾಗಿ ದಾಟುತ್ತದೆ, ಆದರೆ ಲಿಂಗದ ಗುಟ್ಟನ್ನು ಗಡಿಯಲ್ಲಿ ಬಿಟ್ಟು ಬರುತ್ತದೆ. ಮಗಳಿಗೆ ಇಡುವುದಾದರೆ ಭಾರತದಲ್ಲಿ ಜೀವನವಿಡೀ ತಿದ್ದುತ್ತಾ ಇರಬೇಕಾಗುತ್ತದೆ.

ಕನ್ನಡದಲ್ಲಿ ಇಕಾರದ ಹೆಸರಿಗೆ ಇರುವ ಅನುಕೂಲ

ಇಷ್ಟು ಹೊತ್ತು ಹೆಸರನ್ನು ಒಂಟಿಯಾಗಿ ನೋಡಿದೆವು. ಆದರೆ ಮನೆಯಲ್ಲಿ ಯಾರೂ ಹೆಸರನ್ನು ಒಂಟಿಯಾಗಿ ಬಳಸುವುದಿಲ್ಲ. ಕನ್ನಡದಲ್ಲಿ ಹೆಸರಿಗೇ ಪ್ರತ್ಯಯ ಅಂಟುತ್ತದೆ, ಅಲ್ಲೇ ಲಿಂಗ ಬಯಲಾಗುತ್ತದೆ. ಹುಡುಗನಾದರೆ ಕಿರಣನ ಪುಸ್ತಕ, ಹುಡುಗಿಯಾದರೆ ಕಿರಣಳ ಪುಸ್ತಕ. ಅದೇ ರೀತಿ ತಾಲ್‌ನ ಚಪ್ಪಲಿ, ತಾಲ್‌ಳ ಚಪ್ಪಲಿ. ಎರಡನೆಯದನ್ನು ಗಟ್ಟಿಯಾಗಿ ಹೇಳಿ ನೋಡಿ. ಲ್ ಆದಮೇಲೆ ಳ ಬಂದು ನಾಲಿಗೆ ತೊಡರುತ್ತದೆ. ಯುವಾಲ್‌ಳನ್ನು ಕರೆ ಅನ್ನುವುದಂತೂ ದಿನಾ ಹೇಳುವ ಮಾತಲ್ಲ.

ಈಗ ಇಕಾರದಲ್ಲಿ ಮುಗಿಯುವ ನಮ್ಮ ಹೆಸರುಗಳನ್ನು ನೋಡಿ. ರವಿಯ ಪುಸ್ತಕ, ಗೌರಿಯ ಪುಸ್ತಕ. ರವಿಗೆ ಕೊಡು, ಗೌರಿಗೆ ಕೊಡು. ಹರಿಯನ್ನು ಕರೆ, ಲಕ್ಷ್ಮಿಯನ್ನು ಕರೆ. ಪ್ರತ್ಯಯ ಒಂದೇ, ಗಂಡು ಹೆಣ್ಣು ಎಂದು ಹೇಳುವುದೇ ಇಲ್ಲ. ಶಶಿ, ಮಣಿ, ಜ್ಯೋತಿ ಇವೆಲ್ಲ ಕನ್ನಡದಲ್ಲಿ ಎರಡೂ ಕಡೆ ಸಲೀಸಾಗಿ ಓಡಾಡುವುದಕ್ಕೆ ಈ ವ್ಯಾಕರಣವೂ ಆಸರೆ. ಹೀಬ್ರೂವಿನಲ್ಲೂ ಇಕಾರದಲ್ಲಿ ಮುಗಿಯುವ ಹೆಸರು ಬೇಕಾದಷ್ಟಿವೆ. ಕೊನೆಗೆ ಬರುವ ಇ ಎಂದರೆ ಅಲ್ಲಿ 'ನನ್ನ': ರೋನ್ ಎಂದರೆ ಹರ್ಷದ ಹಾಡು, ರೋನಿ ಎಂದರೆ ನನ್ನ ಹರ್ಷ. ರೋನಿಯ ಪುಸ್ತಕ, ರೋನಿಗೆ ಹಾಲು, ರೋನಿಯನ್ನು ಎತ್ತಿಕೋ. ಎಲ್ಲೂ ತೊಡರುವುದಿಲ್ಲ, ಎಲ್ಲೂ ಲಿಂಗ ಕೇಳುವುದಿಲ್ಲ. ಇಸ್ರೇಲಿನಲ್ಲಿ ಅದು ಹುಡುಗರಿಗೂ ಹುಡುಗಿಯರಿಗೂ ಇಡುವ ಹೆಸರು. ಇಂಗ್ಲಿಷಿನಲ್ಲೂ ಅದೇ ಸದ್ದಿನ ಹೆಸರು ಗಂಡಸರಿಗೂ ಹೆಂಗಸರಿಗೂ ಇದೆ. ನಮ್ಮ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ರೊನಾಲ್ಡ್ ಮುದ್ದಿನಿಂದ ರೋನಿ ಆಗುವುದುಂಟು, ಅಲ್ಲಿ ಮಾತ್ರ ಸ್ವಲ್ಪ ಗಂಡಿನ ವಾಸನೆ.

ಅದಿ ಕೂಡ ಹೀಗೇ ಗೆಲ್ಲಬಹುದಾದ ಹೆಸರು. ನಮ್ಮಲ್ಲಿ ಆದಿತ್ಯನನ್ನು ಆದಿ ಎಂದು ಕರೆಯುತ್ತೇವೆ, ಹುಡುಗನ ಕಡೆ ವಾಲುತ್ತದೆ. ಇಸ್ರೇಲಿನಲ್ಲಿ ಹುಡುಗಿಯ ಕಡೆ. ಎರಡೂ ದೇಶದ ನೆಂಟರಿರುವ ಮನೆಯಲ್ಲಿ ಎರಡೂ ಸೇರಿ ಸರಿಹೋಗುತ್ತದೆ. ಆದರೆ ಮನೆ ಜರ್ಮನಿಯಲ್ಲಿದ್ದರೆ ಯೋಚಿಸಿ. ಅಲ್ಲಿ ಆದಿ ಎಂಬುದು ಅಡಾಲ್ಫ್ ಹೆಸರಿನ ಮೊಟಕು ರೂಪ. ಅಡಿಡಾಸ್ ಕಂಪನಿ ಕಟ್ಟಿದ ಆದಿ ಡಾಸ್ಲರ್ ಅವರ ಪೂರ್ತಿ ಹೆಸರು ಅಡಾಲ್ಫ್. ಯಹೂದಿ ಅಜ್ಜಿಯೊಬ್ಬರ ಮೊಮ್ಮಗುವಿಗೆ ಆ ನೆನಪು ತರುವ ಹೆಸರು ಜರ್ಮನಿಯಲ್ಲಿ ಬೇಡವೇ ಬೇಡ ಎನ್ನುವೆ.

ಇನ್ನು ಅಕ್ಕರೆಯ ಮಾತು. ಹೀಬ್ರೂವಿನ 'ನೀನು' ಲಿಂಗ ಕೇಳುತ್ತದೆ, ನಮ್ಮ 'ನೀನು' ಕೇಳುವುದಿಲ್ಲ. ಆದರೆ ಬಾರೋ, ಬಾರೇ, ಏನೋ, ಏನೇ ಕೇಳುತ್ತವೆ. ತೊಟ್ಟಿಲ ಶಾಸ್ತ್ರದಲ್ಲಿ ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಉಸುರುವಾಗ ಅದು ಬರೀ ಹೆಸರು. ಮಾರನೇ ದಿನದಿಂದಲೇ 'ರೋನೀ, ಬಾರೋ' ಅಥವಾ 'ರೋನೀ, ಬಾರೇ'. ಹೆಸರು ಎರಡೂ ಕಡೆ ಸಲ್ಲಲಿ ಎಂದು ಬಯಸುವ ಅಪ್ಪ ಅಮ್ಮ ಇದನ್ನು ಸೋಲು ಎಂದುಕೊಳ್ಳಬೇಕಾಗಿಲ್ಲ. ಹೆಸರಿನ ಮೇಲೆ ಹೊರೆ ಹಾಕದೆ ಭಾಷೆ ತನ್ನ ಕೆಲಸ ತಾನು ಮಾಡಿಕೊಳ್ಳುತ್ತದೆ, ಇಸ್ರೇಲಿನಲ್ಲೂ ನಡೆಯುವುದು ಇದೇ.

ಹಾಗಾದರೆ ಯಾವುದು ಇಡೋಣ?

ಎಲ್ಲ ಭಾಷೆಯಲ್ಲೂ ಕಲೆಯಿಲ್ಲದ ಹೆಸರು ಸಿಗುವುದಿಲ್ಲ. ಹುಡುಕಿದರೆ ಎಲ್ಲೋ ಒಂದು ಕಡೆ ಪ್ರತಿ ಹೆಸರಿಗೂ ಒಂದು ಕೆಟ್ಟ ಅರ್ಥ ಇದ್ದೇ ಇರುತ್ತದೆ. ಮಗು ನಿಜವಾಗಿ ಬದುಕುವ ಭಾಷೆಗಳು ಮೂರೋ ನಾಲ್ಕೋ ಇರುತ್ತವೆ: ಅಪ್ಪನದು, ಅಮ್ಮನದು, ಊರಿನದು, ಶಾಲೆಯದು. ಅಷ್ಟನ್ನೇ ನೋಡಿ, ಉಳಿದದ್ದನ್ನು ಬಿಡಿ. ಕನ್ನಡ, ಹೀಬ್ರೂ, ಇಂಗ್ಲಿಷ್ ಈ ಮೂರಕ್ಕೆ ನನ್ನ ಮೊದಲ ಆಯ್ಕೆ ರೋನಿ. ಎರಡನೆಯದು ಈಡನ್. ಹೀಬ್ರೂವಿನಲ್ಲಿ ಏದೆನ್, ಕನ್ನಡ ಬೈಬಲ್ಲಿನಲ್ಲೂ ಏದೆನ್ ತೋಟ, ಇಂಗ್ಲಿಷಿನಲ್ಲಿ ಈಡನ್. ಬೆಲ್ಜಿಯಮ್ಮಿನ ಮಾಜಿ ಫುಟ್‌ಬಾಲ್ ಆಟಗಾರ ಈಡನ್ ಹಝಾರ್ಡ್ ಗಂಡಸು. 2021ರ ಯೂರೋವಿಷನ್ ಸ್ಪರ್ಧೆಯಲ್ಲಿ ಇಸ್ರೇಲ್ ಪರವಾಗಿ ಹಾಡಿದ ಈಡನ್ ಅಲೇನೆ ಹೆಂಗಸು. ನಮ್ಮವರಿಗೆ ಕ್ರಿಕೆಟ್ಟಿನಿಂದಾಗಿ ಕೋಲ್ಕತ್ತಾದ ಈಡನ್ ಗಾರ್ಡನ್ಸ್ ಗೊತ್ತು, ಹೆಸರನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ. ಯುವಾಲ್ ಕೂಡ ನನಗೆ ಇಷ್ಟ. ಆದಿಕಾಂಡದಲ್ಲಿ ಕಿನ್ನರಿ, ಕೊಳಲು ನುಡಿಸುವವರಿಗೆಲ್ಲ ಮೂಲಪುರುಷ ಎಂದು ಬರುವ ಹೆಸರು ಅದು. ನಮ್ಮ ಕಿವಿಗೆ ಮೊದಲು ಕೇಳುವುದು 'ಯುವ'. ಹುಡುಗಿಯಾದರೆ ಮೇಲೆ ಹೇಳಿದ ಳಕಾರದ ತೊಡಕು ಇದೆ, ಮನೆಯಲ್ಲಿ ಯುವಿ ಎಂದು ಮೊಟಕು ಮಾಡಿದರೆ ಅದೂ ತೀರುತ್ತದೆ. ಲಿಯೋರ್ ಚೆನ್ನಾಗಿದೆ, ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ ಅವಸರವಾಗಿ ಓದಿದರೆ ಸುಳ್ಳುಗಾರ ಎನ್ನುವ ಪದದ ಹಾಗೆ ಕಾಣುತ್ತದೆ. ಆ ಒಂದು ಕಾರಣಕ್ಕೆ ನಾನು ಅದನ್ನು ಹಿಂದೆ ಇಡುತ್ತೇನೆ.

ಪರೀಕ್ಷೆ ಸುಲಭ. ಪಟ್ಟಿಯಲ್ಲಿ ಉಳಿದ ಹೆಸರನ್ನು ಆಯಾ ಭಾಷೆಯವರ ಕೈಗೆ ಬರೆದು ಕೊಡಿ, ನೀವು ಉಚ್ಚರಿಸಿ ತೋರಿಸಬೇಡಿ. ಅವರು ಓದಿದ್ದೇ ಮಗುವಿಗೆ ಆ ಊರಿನಲ್ಲಿ ಸಿಗುವ ಹೆಸರು. ಆಮೇಲೆ ಫೋನಿನಲ್ಲಿ ಹೇಳಿ ಬರೆದುಕೊಳ್ಳಲು ಹೇಳಿ. ಕೊನೆಗೆ ಅಡುಗೆಮನೆಯಿಂದ ಅಂಗಳಕ್ಕೆ ಕೇಳುವ ಹಾಗೆ ಗಟ್ಟಿಯಾಗಿ ಕೂಗಿ ನೋಡಿ. ತಾಲ್, ಗಾಲ್, ಓರ್ ಇಂಥ ಒಂದೇ ಉಸಿರಿನ ಹೆಸರುಗಳು ಕೂಗಿದಾಗ ಅರ್ಧಕ್ಕೇ ಕರಗಿಹೋಗುತ್ತವೆ. ರೋನೀ, ಈಡನ್ ದೂರದವರೆಗೆ ಕೇಳುತ್ತವೆ.

ಹೆಸರು ಗೊತ್ತಾದ ದಿನವೇ ಇಂಗ್ಲಿಷ್ ಸ್ಪೆಲಿಂಗ್ ಕೂಡ ಗಟ್ಟಿ ಮಾಡಿಕೊಳ್ಳಿ. ಖ್ ಇರುವ ಹೆಸರಿಗೆ ಮೂರು ಥರ ಸ್ಪೆಲಿಂಗ್ ಸಾಧ್ಯ. ಜನನ ಪ್ರಮಾಣಪತ್ರದಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಆದರೆ ವೀಸಾ ಕಚೇರಿಯ ಕಿಟಕಿಯಲ್ಲಿ ಪಾಡು ನಿಮ್ಮದೇ. ಮಾಅಯಾನ್ ಥರದ ಹೆಸರಿನ ನಡುವೆ ಇಂಗ್ಲಿಷಿನಲ್ಲಿ ಮೇಲ್ಗೊಕ್ಕೆ (ಅಪಾಸ್ಟ್ರಫಿ) ಹಾಕುವ ರೂಢಿ ಇದೆ. ಪಾಸ್‌ಪೋರ್ಟಿನ ಕೆಳಭಾಗದಲ್ಲಿ ಯಂತ್ರ ಓದುವ ಎರಡು ಸಾಲಿನಲ್ಲಿ ಆ ಕೊಕ್ಕೆಗೆ ಜಾಗವಿಲ್ಲ, ಅದು ಬಿದ್ದುಹೋಗುತ್ತದೆ. ಆಮೇಲೆ ವಿಮಾನದ ಟಿಕೆಟ್ಟಿನಲ್ಲಿ ಹೇಗೆ ಬರೆಯಬೇಕು ಎಂಬ ಗೊಂದಲ. ಕೊಕ್ಕೆ ಬೇಡದ, ಒಂದೇ ಥರ ಬರೆಯಬಹುದಾದ ಸ್ಪೆಲಿಂಗ್ ಆರಿಸಿ, ಅಜ್ಜ ಅಜ್ಜಿ ಎರಡೂ ಕಡೆಯವರಿಗೂ ಒಂದು ಚೀಟಿಯಲ್ಲಿ ಮೂರು ಲಿಪಿಯಲ್ಲೂ ಬರೆದು ಕೊಟ್ಟುಬಿಡಿ.